ಕೆಂಚವ್ವನ ಪಾಲಿಗೆ ಬಂದ ಸೂಜಿ

ನನ್ನನ್ನು ನೋಡಲು ಬಂದ ದಿನ ನಮ್ಮತ್ತೆ ಮಾಡಿದ ಮೊದಲ ಕೆಲಸವೆಂದರೆ ನನ್ನ ಜಡೆ ಹಿಡಿದು ಜಗ್ಗಿದ್ದು. ಚೌರಿ ಹಾಕಿ ಕೂರಿಸಿರಬಹುದೆಂಬ ಅನುಮಾನ ಅವರಿಗೆ. ನಾನು ನೋವಿಗೆ ಚೀರಿದ ಮೇಲೆಯೇ ಅವರ ಮುಖ ಅರಳಿತು. "ಕೂದಲಾ ಖರೇ ಅದಾವು" ಎಂದು ಎರಡೂ ಕಡೆಯ ಹಿರಿಯರ ಎದುರು ಸಾರಿದರು. ಮದುವೆ ಕುದುರಿತು.

ಸಿರಸಂಗಿಯಲ್ಲಿ ಕೆಂಚವ್ವ ಎಂದರೆ ಹೀಗೆಯೇ. ಸಂತೆಯಲ್ಲಿ ಬದನೆಕಾಯಿ ಕೊಂಡರೆ ಒಂದನ್ನು ಅಲ್ಲೇ ಮುರಿದು ಹುಳ ಹುಡುಕುತ್ತಾರೆ. ಬಸ್ಸಿನ ಬೋರ್ಡು ಯಾರಿಂದಲಾದರೂ ಓದಿಸಿ, ಕಂಡಕ್ಟರನನ್ನು ಕೇಳಿ, ಆಮೇಲೆ ಒಳಗೆ ಕೂತವರಲ್ಲೂ ಒಬ್ಬರನ್ನು ಕೇಳಿಯೇ ಮೆಟ್ಟಿಲು ಏರುತ್ತಾರೆ. ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ ಆದ ಹೊಸದರಲ್ಲಿ, ನಡುದಾರಿಯಲ್ಲಿ ಇಳಿಸಿಬಿಟ್ಟಾರೆಂದು ಬಹಳ ದಿನ ರೊಕ್ಕವನ್ನು ಮುಷ್ಟಿಯಲ್ಲಿ ಹಿಡಿದೇ ಪ್ರಯಾಣ ಮಾಡಿದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಮಾತು ಅವರಿಗೆ ಗಾದೆಯಲ್ಲ, ದಿನದ ಊಟ. ಇಂಥವರ ಸೊಸೆಯಾಗಿ ಬಾಳಿದ್ದರಿಂದ ನನಗೂ ಅದೇ ಗಾಳಿ ಸೋಕಿದೆ. ಸಕ್ಕರೆ ಡಬ್ಬಿಯ ಮುಚ್ಚಳ ಸ್ವಲ್ಪ ವಾರೆಯಾಗಿದ್ದರೂ ಒಳಗೆ ಯಾರು ಬಂದಿದ್ದರು ಎಂದು ಯೋಚಿಸುತ್ತೇನೆ.

ಊರಲ್ಲಿ ನಮ್ಮತ್ತೆ ಅನುಮಾನಿಸದ ಜೀವ ಒಂದೇ ಒಂದು ಇತ್ತು. ಅದು ಪಕ್ಕದ ಮನೆಯ ರಹೀಮಬಿ ಕಾಕು. ಇಬ್ಬರೂ ಸೇರಿ ಕೌದಿ ಹೊಲಿಯುತ್ತಾರೆ. ಹಳೆ ಸೀರೆ, ಧೋತರ, ಕುಪ್ಪಸದ ಚೂರುಗಳನ್ನು ನಮ್ಮ ಪಡಸಾಲೆಯಲ್ಲಿ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಒಬ್ಬರು ಆ ಅಂಚು, ಇನ್ನೊಬ್ಬರು ಈ ಅಂಚು ಹಿಡಿದು ಹೊಲಿಯುತ್ತ ನಡುವಿಗೆ ಸರಿಯುತ್ತ ಬರುತ್ತಾರೆ. ರಾಮದುರ್ಗ, ಬೈಲಹೊಂಗಲದಿಂದಲೂ ಬಾಣಂತಿಯರ ಮನೆಯವರು ಹುಡುಕಿಕೊಂಡು ಬಂದು ಕೌದಿಗೆ ಹೇಳಿ ಹೋಗುತ್ತಾರೆ. ಈ ಕೆಲಸ ಮೇಜಿನ ಮೇಲೆ ಆಗುವಂಥದ್ದಲ್ಲ, ಮಂಚದ ಮೇಲೂ ಆಗುವುದಿಲ್ಲ. ನೆಲಕ್ಕೆ ಕೂರಬೇಕು, ಕೂತಲ್ಲೇ ಸರಿಯಬೇಕು, ಏಳಬೇಕು, ಮತ್ತೆ ಕೂರಬೇಕು.

ಆ ಕೂರುವುದೇ ನಿಂತುಹೋಗುವ ಕಾಲ ಬಂತು. ಇಬ್ಬರ ಮೊಣಕಾಲೂ ಒಂದೇ ವರ್ಷದಲ್ಲಿ ಕೈಕೊಟ್ಟವು. ನಮ್ಮತ್ತೆ ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ ಕೊಟ್ಟು ಏಳುತ್ತಿದ್ದರು. ರಹೀಮಬಿ ಕಾಕು ಅವರಿಗಿಂತ ಕಷ್ಟದಲ್ಲಿದ್ದರು. ನೆಲಕ್ಕೆ ಕೂರಲು ಆಗದೆ ನಮಾಜನ್ನೂ ಮಂಚದ ತುದಿಯಲ್ಲಿ ಕೂತೇ ಮಾಡುತ್ತಿದ್ದರು. ಅದನ್ನು ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ದೊಡ್ಡ ಡಾಕ್ಟರರು ಕೀಲು ಬದಲಿಸಬೇಕೆಂದರು. ನಮ್ಮತ್ತೆ ಅಲ್ಲಿಯೇ ಎದ್ದು ಬಂದರು. "ಒಳಗ ಏನ ಇಟ್ಟು ಹೊಲದ್ರು ಅಂತ ನಾ ಹೆಂಗ ನೋಡ್ಲಿ?" ಎಂಬುದು ಅವರ ಪ್ರಶ್ನೆ.

ಆಗ ಬಂತು ಸೂಜಿಯ ಸುದ್ದಿ. ತಂದವರು ರಹೀಮಬಿ ಕಾಕುವಿನ ಗಂಡ ಬಾಬಾಜಾನ ಕಾಕಾ. ಅವರು ಟಂಟಂ ರಿಕ್ಷಾ ಓಡಿಸುತ್ತಾರೆ. ಸವದತ್ತಿಯಲ್ಲಿ ಹೊರಗಿನ ಒಂದು ಸಂಸ್ಥೆಯವರು ಎರಡು ಕೋಣೆ ಬಾಡಿಗೆ ಹಿಡಿದಿದ್ದಾರೆ, ಮೊಣಕಾಲು ನೋವಿಗೆ ಆಕ್ಯುಪಂಕ್ಚರ್ ಸೂಜಿ ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಸಂಶೋಧನೆ ನಡೆಸುತ್ತಾರೆ, ಬಂದವರಿಂದ ರೊಕ್ಕ ತೆಗೆದುಕೊಳ್ಳುವುದಿಲ್ಲ ಎಂದರು.

"ಬಿಟ್ಟಿ ಯಾಕ ಕೊಡತಾರಂತ?" ಎಂದರು ಅತ್ತೆ ಮೊದಲ ಮಾತಿಗೇ.

"ನಮ್ಮ ಮ್ಯಾಲ ನೋಡಿ ಕಲೀತಾರಂತ್ರೀ ವೈನಿ."

"ಕಲಿಯಾಕ ನನ್ನ ಕಾಲ ಬೇಕೇನು?"

ಆದರೆ ರಹೀಮಬಿ ಕಾಕು ಬಿಡಲಿಲ್ಲ. ಒಬ್ಬಳೇ ಹೋಗಲು ಹೆದರಿಕೆ, ಹೋಗದಿದ್ದರೆ ಕಾಲಿಲ್ಲ. "ಕೆಂಚಕ್ಕಾ, ನೀ ಬಂದ್ರ ನಾನೂ ಹೋಗತೇನಿ, ಇಲ್ಲಂದ್ರ ಇಲ್ಲ" ಎಂದು ಕೈ ಹಿಡಿದರು. ಅತ್ತೆ ಗೊಣಗುತ್ತ ಒಪ್ಪಿದರು. ಓದಿ ಹೇಳಲೆಂದು ನನ್ನನ್ನೂ ಕರೆದೊಯ್ದರು.

ಅಲ್ಲಿ ಶಿವಾನಿ ಎಂಬ ಹುಡುಗಿ ನಮ್ಮನ್ನು ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿದಳು. ನೋವು ಎಷ್ಟಿದೆ ಎಂದು ಪ್ರತಿ ಸಲ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. "ನೋಡ್ರಿ ಅವ್ವಾರ, ನಿಮ್ಮೊಳಗ ಅರ್ಧ ಮಂದಿಗೆ ಖರೇ ಸೂಜಿ. ಇನ್ನ ಅರ್ಧ ಮಂದಿಗೆ ಚರ್ಮದೊಳಗ ಇಳೀಲಾರದ ಸೂಜಿ. ತುದಿ ಮೊಂಡ ಇರತೈತಿ, ಒತ್ತಿದ್ರ ತನ್ನ ಹಿಡಿಕಿಯೊಳಗ ತಾನ ಸರೀತೈತಿ. ನೋಡಾಕ ಎರಡೂ ಒಂದ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರೂದಿಲ್ಲ, ನನಗೂ ಗೊತ್ತಿರೂದಿಲ್ಲ. ಚುಚ್ಚೂ ಡಾಕ್ಟರಿಗೆ ಅಷ್ಟ ಗೊತ್ತು. ಅವರು ಹೇಳೂದಿಲ್ಲ."

ಅತ್ತೆ ನನ್ನ ಕಡೆ ನೋಡಿದರು. "ಖರೇ ಯಾವುದು ಸುಳ್ಳ ಯಾವುದು ಅಂತ ಗೊತ್ತಿದ್ದಾವ ಒಬ್ಬನ ಒಬ್ಬ. ಅವ ಬಾಯಿ ಬಿಡೂದಿಲ್ಲ. ಇದಕ್ಕ ನಮ್ಮೂರಾಗ ಬ್ಯಾರೆ ಹೆಸರೈತಿ."

ಶಿವಾನಿ ನಕ್ಕಳು. ಖರೇ ಸೂಜಿ ಎಂದು ಗೊತ್ತಾದರೆ ಆ ನಂಬಿಕೆಗೇ ಅರ್ಧ ನೋವು ಇಳಿದಂತೆ ಅನಿಸುತ್ತದೆ, ಆಗ ಇಳಿಸಿದ್ದು ಸೂಜಿಯೋ ನಂಬಿಕೆಯೋ ತಿಳಿಯುವುದಿಲ್ಲ, ಅದಕ್ಕೇ ಮುಚ್ಚಿಡುವುದು ಎಂದಳು. ನನಗೆ ಮಾತು ಸರಿಯೆನಿಸಿತು. ಆದರೂ ಮನಸ್ಸಿನ ಮೂಲೆಯಲ್ಲಿ, ಇಷ್ಟು ಚೆನ್ನಾಗಿ ಹೇಳುತ್ತಾಳೆಂದರೆ ಎಷ್ಟು ಮಂದಿಗೆ ಹೇಳಿ ರೂಢಿಯಾಗಿರಬೇಕು ಎಂದೂ ಅನಿಸಿತು. ಸೊಸೆ ಯಾರ ಸೊಸೆ!

ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಒಬ್ಬೊಬ್ಬರಿಗೆ ನಂಬರಿರುವ ಒಂದು ಕಾರ್ಡು ಸಿಕ್ಕಿತು. ಒಳಕೋಣೆಯಲ್ಲಿ ಮಲಗಿಸಿ ಸೊಂಟದ ಮೇಲೆ ಅಡ್ಡಲಾಗಿ ಬಟ್ಟೆಯ ಪರದೆ ಬಿಡುತ್ತಿದ್ದರು. ಈ ಕಡೆ ಮುಖ, ಆ ಕಡೆ ಕಾಲು. ಡಾಕ್ಟರರು ಕಾರ್ಡಿನ ನಂಬರು ನೋಡಿ, ಅದಕ್ಕೆ ಸೇರಿದ ಸೂಜಿ ತೆಗೆದು, ಮೊಣಕಾಲಿನ ಸುತ್ತ ಇಟ್ಟು, ಒಂದೂ ಮಾತಾಡದೆ ಹೊರಡುತ್ತಿದ್ದರು. ಮಾತಾಡಿದರೆ ರೋಗಿಗೆ ಸುಳಿವು ಸಿಕ್ಕೀತೆಂದು ಅವರಿಗೆ ಹಾಗೆ ಕಟ್ಟಪ್ಪಣೆಯಂತೆ. ಅತ್ತೆಗೆ ಅದು ಸರಿಬರಲಿಲ್ಲ. "ಮುಖಾ ತೋರಸಲಾರದಾಂವ ಮದ್ದು ಏನ ಕೊಟ್ಟಾನು" ಎಂದರು.

ವಾರಗಳು ಕಳೆದವು. ರಹೀಮಬಿ ಕಾಕು ಪ್ರತಿ ಸಲ ಹೊರಗೆ ಬಂದಾಗ ಮೊಣಕಾಲು ಸವರಿಕೊಂಡು "ಒಳಗ ಬಿಸಿ ಬಿಸಿ ಆತು, ಜುಮ್ ಅಂತು" ಎನ್ನುತ್ತಿದ್ದರು. ನಮ್ಮತ್ತೆಗೆ ಇರುವೆ ಹರಿದಷ್ಟೂ ಅನಿಸುತ್ತಿರಲಿಲ್ಲ. ಒಂದು ಮುಂಜಾನೆ ಕಾಕು ನಮ್ಮ ಪಡಸಾಲೆಗೆ ಓಡಿದಂತೆಯೇ ಬಂದರು. ಅಂದು ಫಜರ್ ನಮಾಜಿನಲ್ಲಿ ನೆಲಕ್ಕೆ ಕೂತು, ಹಣೆ ನೆಲಕ್ಕೆ ಮುಟ್ಟಿಸಿದೆ ಎಂದು ಹೇಳುತ್ತಲೇ ಅತ್ತುಬಿಟ್ಟರು. ನನಗೂ ಅಳು ಬಂತು. ಅವರು ಅಂದೇ ಕೌದಿಯ ಅಂಚಿಗೆ ಬಂದು ಕೂತರು.

ನಮ್ಮತ್ತೆ ಅಳಲಿಲ್ಲ. ಕಾಕುವಿನ ಮೊಣಕಾಲು ಮಡಚುವುದನ್ನೂ ಬಿಚ್ಚುವುದನ್ನೂ ನೋಡುತ್ತ ಕೂತರು. ನನಗೆ ಆ ನೋಟ ಗೊತ್ತು. ಬದನೆಕಾಯಿ ಮುರಿಯುವ ಮುಂಚೆ ನೋಡುತ್ತಾರಲ್ಲ, ಹಾಗೆಯೇ ಇತ್ತು. ಇಷ್ಟು ವರ್ಷ ರಹೀಮಬಿ ಕಾಕುವಿನ ಕಡೆ ತಿರುಗದ ನೋಟ ಅಂದು ತಿರುಗಿತು.

"ನಿನ್ನ ಗಂಡ ಆ ಡಾಕ್ಟರನ ಸ್ಟ್ಯಾಂಡಿಂದ ತನ್ನ ಗಾಡ್ಯಾಗ ಕುಂದರಿಸಿಕೊಂಡು ಬರತಾನಲ್ಲ?" ಎಂದರು.

"ಹೌದು, ಬಾಡಿಗಿ ಕೊಡತಾರ, ತರತಾರ."

"ಅದ. ವಶೀಲಿ ಇದ್ದವರಿಗೆ ಖರೇ ಸೂಜಿ. ನಮ್ಮಂಥವರಿಗೆ ಸುಳ್ಳ ಸೂಜಿ. ನನಗೇನ ತಿಳ್ಯೂದಿಲ್ಲ ಅಂತ ಮಾಡೀರಿ?"

ಕಾಕು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಕೆಂಚಕ್ಕಾ, ನಾ ಕೇಳಿ ಇಸಗೊಂಡೇನೇನು?"

"ಕೇಳಬೇಕಂತೇನೈತಿ? ಅಂಥವರಿಗೆ ಕೇಳಲಾರದ ಕೊಡತಾರ."

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತೀ, ಇದು ಅತಿ ಆತ್ರಿ" ಎಂದೆ. ಯಾರು ಕೇಳುತ್ತಾರೆ? ಕಾಕು ಎದ್ದು ಮನೆಗೆ ಹೋದರು. ಇನ್ನು ಈ ಪಡಸಾಲೆಯಲ್ಲಿ ಕೌದಿ ಹಾಸುವುದು ಮುಗಿಯಿತು ಎಂದುಕೊಂಡೆ. ಆದರೆ ಅವರು ತಿರುಗಿ ಬಂದರು. ಕೈಯಲ್ಲಿ ತಮ್ಮ ಕಾರ್ಡು ಇತ್ತು.

"ತಗೋ. ಬರೂ ವಾರ ನನ್ನ ಪಾಳಿಗೆ ನೀ ಹೋಗು, ನಿನ್ನ ಪಾಳಿಗೆ ನಾ ಹೋಗತೇನಿ. ಅದರ ಮುಂದಿನ ವಾರ ನನ್ನದು ನನಗ, ನಿನ್ನದು ನಿನಗ. ಹಿಂಗ ಮುಯ್ಯಾ ಮಾಡೂಣು. ಗುಣ ಆದ್ರ ಇಬ್ಬರಿಗೂ ಅರ್ಧರ್ಧ ಆಗ್ಲಿ."

ಬೇರೆ ಕಡೆಯವರಿಗೆ ಇದು ಮೋಸ ಎನಿಸಬಹುದು. ನಮ್ಮಲ್ಲಿ ಹಾಗಲ್ಲ. ನಿನ್ನ ಹೊಲದ ಕಳೆಗೆ ನಾನು ಬಂದರೆ ನನ್ನ ಹೊಲದ ರಾಶಿಗೆ ನೀನು ಬರುತ್ತೀ, ಅದು ಮುಯ್ಯಾ. ನೀರಿನ ಪಾಳಿಯನ್ನೂ ಹಾಗೆಯೇ ಅದಲುಬದಲು ಮಾಡುತ್ತೇವೆ, ಹೆಸರು ಯಾರದಿದ್ದರೇನು, ಹೊಲಕ್ಕೆ ನೀರು ಹರಿದರೆ ಸಾಕು. ಸಂಸ್ಥೆಯವರು ಅಷ್ಟೊಂದು ನಿಯಮ ಬರೆದು ತಂದಿದ್ದರು, ಆದರೆ ಇದೊಂದು ಅವರ ತಲೆಗೆ ಹೊಳೆದಿರಲಿಲ್ಲ. ನಾನು ಬೇಡವೆಂದೆ. ಇಬ್ಬರೂ ನನ್ನನ್ನು ಹಾಲುಗಲ್ಲದ ಕೂಸಿನಂತೆ ನೋಡಿದರು. ಶಿವಾನಿ ಹೊರಗೆ ಹೆಸರು ಕೇಳಿ ಬರೆದುಕೊಳ್ಳುತ್ತಾಳೆ, ಕಾರ್ಡು ನೋಡುವವರು ಒಳಗಿನ ಡಾಕ್ಟರರೊಬ್ಬರೇ, ಪರದೆಯ ಆ ಕಡೆ ಹೋಗುವುದು ಮೊಣಕಾಲು ಮಾತ್ರ. ಮೊಣಕಾಲಿಗೆ ಹೆಸರೇ, ಜಾತಿಯೇ? ಯಾರಿಗೂ ಗೊತ್ತಾಗಲಿಲ್ಲ.

ಕಾಕುವಿನ ಕಾರ್ಡಿನ ಮೇಲೆ ಮೊದಲ ಸಲ ಮಲಗಿ ಎದ್ದ ದಿನ ನಮ್ಮತ್ತೆ "ಹಾಂ, ಇದು ಖರೇ ಸೂಜಿ. ಜುಮ್ ಅಂತು" ಎಂದು ಬಸ್ಸಿನಲ್ಲೆಲ್ಲ ಹೇಳಿದರು. ನಾಲ್ಕು ದಿನಕ್ಕೆ ಆ ಜುಮ್ ಇಳಿಯಿತು, ನೋವು ಇದ್ದಲ್ಲಿಯೇ ಇತ್ತು. ಆಗ ಹೊಸ ಅನುಮಾನ ಹುಟ್ಟಿತು. "ಎಣ್ಣಿ ತಕ್ಕೊಂಡ ಮ್ಯಾಲ ಹಿಂಡಿ ಕೊಟ್ಟಾಳ" ಎಂದು ಅಡುಗೆಮನೆಯಲ್ಲಿ ನನ್ನ ಮುಂದೆ ಅಂದರು. ರಹೀಮಬಿ ಕಾಕು ಮಾತ್ರ ಯಾವ ವಾರ ಯಾವ ಕಾರ್ಡಿದ್ದರೂ ಸುಧಾರಿಸುತ್ತಲೇ ಹೋದರು. "ನಿಂದೂ ಛಲೋ ಐತೆವಾ" ಎಂದು ಅತ್ತೆಯನ್ನು ಸಮಾಧಾನ ಮಾಡುತ್ತಿದ್ದರು. ಸಮಾಧಾನ ಮಾಡಿದಷ್ಟೂ ಅತ್ತೆಯ ಅನುಮಾನ ಬಲಿಯಿತು.

ಸಂಶೋಧನೆ ಮುಗಿದು, ಲೆಕ್ಕವೆಲ್ಲ ಆದ ಮೇಲೆ, ಯಾರಿಗೆ ಯಾವ ಸೂಜಿ ಬಂದಿತ್ತೆಂದು ತಿಳಿಸಲು ಕರೆಬಂತು. ರಹೀಮಬಿ ಕಾಕು ಮಗಳ ಬಾಣಂತನಕ್ಕೆ ಮುನವಳ್ಳಿಗೆ ಹೋಗಿದ್ದರು. ನಾನೂ ಅತ್ತೆಯೂ ಸವದತ್ತಿಗೆ ಹೋದೆವು. ಶಿವಾನಿ ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳುತ್ತಿದ್ದಳು.

"ಕೆಂಚವ್ವ ಅವ್ವಾರ, ನಿಮಗ ಬಂದಿದ್ದು ಇಳೀಲಾರದ ಸೂಜಿ."

ಅತ್ತೆ ನನ್ನ ತೊಡೆಯ ಮೇಲೆ ಪಟ್ಟೆಂದು ಹೊಡೆದರು. "ನಾ ಹೇಳಿದ್ನೋ ಇಲ್ಲೋ! ಮೊದಲನೇ ದಿನಾನ ಹೇಳಿದ್ನೋ ಇಲ್ಲೋ!" ಮದುವೆಯಾಗಿ ಬಂದಾಗಿನಿಂದ ನಾನು ಅವರನ್ನು ಅಷ್ಟು ಸಂತೋಷದಲ್ಲಿ ನೋಡಿರಲಿಲ್ಲ. "ಇನ್ನ ರಹೀಮಬೀದು ಹೇಳ್ರಿ. ಖರೇ ಇತ್ತಲ್ಲ?"

ಅದನ್ನು ಅವರಿಗೇ ಹೇಳಬೇಕು, ಬೇರೆಯವರಿಗೆ ಹೇಳುವಂತಿಲ್ಲ ಎಂದಳು ಶಿವಾನಿ. ನಾನು ಮುನವಳ್ಳಿಗೆ ಫೋನು ಹಚ್ಚಿಕೊಟ್ಟೆ. ಆ ಕಡೆ ಕೂಸು ಅಳುವ ಸದ್ದಿನ ನಡುವೆ ಕಾಕು ಜೋರಾಗಿ ಹೇಳಿದರು, "ಕೆಂಚಕ್ಕಗ ಹೇಳ್ರೀ ಬಾಯಾರ. ನಾ ಆಕಿ ಬಾಯಿಂದ ಕೇಳತೇನಿ. ಆಕಿ ಯಾರನ್ನೂ ನಂಬೂದಿಲ್ಲ, ಆದ್ರ ಸುಳ್ಳ ಹೇಳಾಕಿ ಅಲ್ಲ."

ಶಿವಾನಿ ಫೋನು ಇಟ್ಟು ಪಟ್ಟಿ ನೋಡಿದಳು. "ಅವರದೂ ನಿಮ್ಮ ಗುಂಪನ್ರಿ. ಇಳೀಲಾರದ ಸೂಜಿ."

ಅತ್ತೆ ಮೊದಲು ತಮ್ಮ ಮೊಣಕಾಲನ್ನು ನೋಡಿಕೊಂಡರು. ಆಮೇಲೆ, "ಮತ್ತ ಆಕಿ ನೆಲಕ್ಕ ಕುಂದ್ರಾಕ ಹತ್ತ್ಯಾಳಲ್ಲ?" ಎಂದರು. ದನಿ ಸಣ್ಣಗಾಗಿತ್ತು.

"ಅವರ ಬ್ಯಾನಿ ಕಮ್ಮಿ ಆಗಿದ್ದು ಸುಳ್ಳಲ್ರಿ. ಎರಡೂ ಗುಂಪಿನ್ಯಾಗ ಭಾಳ ಮಂದಿಗೆ ಕಮ್ಮಿ ಆಗೇತಿ. ಖರೇ ಸೂಜಿ ಗುಂಪಿನ್ಯಾಗ ಒಂಚೂರು ಹೆಚ್ಚು. ಆ ಒಂಚೂರು ಸೂಜಿದೋ, ಹಂಗ ಬಂದದ್ದೋ ಅಂತ ನಮಗ ಇನ್ನೂ ಗಟ್ಟಿ ಹೇಳಾಕ ಬರೂದಿಲ್ಲ." ಅವಳು ಸ್ವಲ್ಪ ತಡೆದು ಸೇರಿಸಿದಳು, "ಒಂದ ಮಾತು. ಸುಳ್ಳ ಸೂಜಿ ಅಂತ ಕೇಳಿದ ಮ್ಯಾಲ ಕೆಲವರು ಬ್ಯಾನಿ ತಿರಗಿ ಬಂತು ಅಂತ ಫೋನ್ ಮಾಡ್ಯಾರ. ಎಲ್ಲಾರೂ ಅಲ್ಲ. ರಹೀಮಬಿ ಅವ್ವಾರಿಗೆ ಸಾವಕಾಶ ಹೇಳ್ರಿ."

ಅತ್ತೆ ಕಾರ್ಡು ಅದಲುಬದಲು ಮಾಡಿದ್ದನ್ನೂ ಅಲ್ಲೇ ಬಾಯಿಬಿಟ್ಟರು. ಶಿವಾನಿಯ ಮುಖದ ಬಣ್ಣ ಹಾರಿತು. ಇಬ್ಬರದೂ ಒಂದೇ ಗುಂಪಾಗಿದ್ದರಿಂದ ಸೂಜಿ ಬದಲಾಗಿಲ್ಲ, ಆದರೂ ಮೇಲಿನವರಿಗೆ ತಿಳಿಸಲೇಬೇಕು ಎಂದು ತಲೆಯ ಮೇಲೆ ಕೈಯಿಟ್ಟುಕೊಂಡಳು. ಬೇರೆ ದಿನವಾಗಿದ್ದರೆ ಅತ್ತೆ ಅವಳ ಜೊತೆ ವಾದಕ್ಕೆ ನಿಲ್ಲುತ್ತಿದ್ದರು. ಅಂದು ಕಾಲೆಳೆಯುತ್ತ ಹೊರಗೆ ನಡೆದರು.

ಬಸ್ಸಿನಲ್ಲಿ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ನಮ್ಮತ್ತೆಯ ಮೇಲೆಯೇ ಸಂಶಯವಿತ್ತು. ಇಷ್ಟು ದಿನ ಹೊಟ್ಟೆಯೊಳಗಿಟ್ಟ ಉರಿಯನ್ನೆಲ್ಲ ಸೇರಿಸಿ, ನಿಂದೂ ಸುಳ್ಳೇ ಎಂದು ಕಾಕುವಿನ ಮುಖಕ್ಕೆ ಹೇಳಿ ತಣ್ಣಗಾಗುತ್ತಾರೆ, ಆ ಮೊಣಕಾಲು ಮತ್ತೆ ಮಂಚದ ತುದಿಗೆ ಹೋಗುತ್ತದೆ ಎಂದು ಹೆದರಿಕೆಯಾಯಿತು.

"ಅನ್ನಪೂರ್ಣಾ" ಎಂದರು ಅವರು, ಊರು ಹತ್ತಿರ ಬಂದಾಗ. "ಆಕಿ ತನ್ನದು ಖರೇ ಸೂಜಿ ಅಂತ ತಿಳದ ಕೊಟ್ಟಳಲ್ಲ."

ನನಗೆ ಮೊದಲು ತಿಳಿಯಲಿಲ್ಲ.

"ಕಾಲು ಗುಣ ಆಗಾಕ ಹತ್ತಿತ್ತು. ಗುಣ ಆಗೂದನ್ನ ಅರ್ಧಕ್ಕ ಕಡದು ನನ್ನ ಕೈಯಾಗ ಇಟ್ಟಳು. ನಾ ಆಕಿಗೆ ಕೊಟ್ಟಿದ್ದು ಸುಳ್ಳಂತ ಗೊತ್ತಿದ್ದ ಕೊಟ್ಟೆ. ಮ್ಯಾಲ ಹಿಂಡಿ ಕೊಟ್ಟಾಳ ಅಂದೆ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಅವರ ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ. ಇಳಿಯುವಾಗ ಮಾತ್ರ, "ನೀ ಬಾಯಿ ಬಿಟ್ಟಿ ಅಂದ್ರ ನೋಡು" ಎಂದು ಗದರಿದರು.

ರಹೀಮಬಿ ಕಾಕು ಮುನವಳ್ಳಿಯಿಂದ ಬಂದವರು ಚೀಲವನ್ನು ಮನೆಯೊಳಗೆ ಎಸೆದು ನೇರ ನಮ್ಮ ಪಡಸಾಲೆಗೇ ಬಂದರು. ಅತ್ತೆ ಗೋಡೆಗೆ ಒರಗಿ, ಒಂದು ಕಾಲು ಚಾಚಿಕೊಂಡು, ಕೌದಿಯ ಅಂಚು ಹೊಲಿಯುತ್ತಿದ್ದರು. ಕಾಕು ಎದುರು ಅಂಚಿಗೆ ಸಲೀಸಾಗಿ ಕೂತರು.

"ಏನಂದ್ರು, ಹೇಳು."

"ನಿಂದು ಖರೇ ಸೂಜಿ" ಎಂದರು ಅತ್ತೆ, ತಲೆಯೆತ್ತದೆ.

ಕಾಕುವಿನ ಮುಖ ದೀಪ ಹಚ್ಚಿದಂತಾಯಿತು. ಆ ಬೆಳಕು ನಿಲ್ಲಲಿಲ್ಲ. "ನಿಂದು?"

ಅತ್ತೆ ದಾರ ಎಳೆಯುತ್ತಿದ್ದರು.

"ಸುಳ್ಳ ಇತ್ತೇನು? ಯಾ ಅಲ್ಲಾ! ಹಂಗಾದ್ರ ನಾ ಪೂರಾ ಕಾರ್ಡ ನಿನಗ ಬಿಟ್ಟಕೊಡಬೇಕಿತ್ತು ಕೆಂಚಕ್ಕಾ. ಅರ್ಧಾ ನಾನ ಇಟಗೊಂಡೆ." ಅವರು ತಮ್ಮ ಮೊಣಕಾಲನ್ನು ಕದ್ದು ತಂದ ಸಾಮಾನಿನಂತೆ ಸೆರಗಿನಲ್ಲಿ ಮುಚ್ಚಿಕೊಂಡರು. "ನಿನ್ನ ಪಾಲು ತಿಂದೆ ನಾ."

"ಏ ಹುಚ್ಚಿ, ನಂದೂ ಖರೇನ ಇತ್ತು" ಎಂದರು ಅತ್ತೆ.

"ಮತ್ತ ನಿನಗ್ಯಾಕ ಗುಣ ಆಗಿಲ್ಲ?"

"ಆಗಿಲ್ಲಂತ ಯಾರ ಹೇಳಿದ್ರು? ಆಗೇತಿ. ನಾಕ ಮಂದಿ ಮುಂದ ಹೇಳಿದ್ರ ದೃಷ್ಟಿ ಆದೀತು ಅಂತ ಸುಮ್ಮನಿದ್ದೆ."

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ಕಾಕು ನಂಬುತ್ತಿರಲಿಲ್ಲ. ಕೆಂಚವ್ವ ಹೇಳಿದ್ದರಿಂದ ನಂಬಿದರು. ದೃಷ್ಟಿ ತಾಗೀತೆಂದೂ ಅನುಮಾನಪಡುವ ಹೆಂಗಸು ಅಲ್ಲವೇ? ಆದರೂ ಪೂರ್ತಿ ಬಿಡಲಿಲ್ಲ. ಸೆರಗಿನ ಮರೆಯಿಂದ ಕೈ ತೆಗೆದು, "ಹಂಗಾದ್ರ ಎದ್ದು ತೋರಸು" ಎಂದರು.

ನಾನು ಹೆಗಲು ಕೊಡಲು ಮುಂದೆ ಬಂದೆ. ಅತ್ತೆ ನನ್ನನ್ನು ಎಂಥ ಕಣ್ಣಿನಿಂದ ನೋಡಿದರೆಂದರೆ ನಾನು ಬಾಗಿಲಲ್ಲೇ ನಿಂತೆ. ಅವರು ಚಾಚಿದ ಕಾಲನ್ನು ಒಳಗೆ ಎಳೆದುಕೊಂಡರು. ಎರಡೂ ಅಂಗೈಯನ್ನು ತೊಡೆಗೆ ಊರಿ, ಗೋಡೆಯ ಕಡೆ ಕೈ ಚಾಚದೆ, ಎದ್ದು ನಿಂತರು. ತುಟಿಯ ಮೇಲೆ ಬೆವರು ಒಡೆದದ್ದು ನನಗೆ ಕಂಡಿತು. ಕಾಕುವಿಗೆ ಕಾಣಲಿಲ್ಲ, ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಸುಮ್ಮ ಸುಮ್ಮನ ಎಲ್ಲಾರ ಮ್ಯಾಲ ಸಂಶಯ ಮಾಡ್ತಿ ನೋಡು ನೀ."

"ಹೌದವಾ. ನಂದ ತಪ್ಪು" ಎಂದರು ನಮ್ಮತ್ತೆ. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಕಾಕು ನಕ್ಕು, ಎದುರಿನ ಅಂಚನ್ನು ಸರಿಪಡಿಸಿ ನೆಲ ತಟ್ಟಿದರು. "ಬಾ, ಕುಂದ್ರು. ಸಂಜಿತನಕ ಕುಂತ್ರ ನಡುವಿಂದೂ ಮುಗೀತೈತಿ."

ಅತ್ತೆ ಗೋಡೆ ಮುಟ್ಟದೆ ಮತ್ತೆ ನೆಲಕ್ಕೆ ಕೂತರು, ಕಾಲು ಚಾಚದೆ ಮಡಚಿಯೇ ಕೂತು, ಸೂಜಿಗೆ ದಾರ ಪೋಣಿಸಿಕೊಡೆಂದು ನನ್ನ ಕಡೆ ಕೈ ನೀಡಿದರು.